ಮುಟ್ಟಿದರೆ ಒಂದು ಅಂಕ

ಮುಖಕ್ಕಿಂತ ಮೊದಲು ಅವಳು ಗುರುತಿಸಿದ್ದು ಆ ಕೈಗಳನ್ನು!

ಜಿಮ್ನಾಸ್ಟಿಕ್ಸ್ ಹಾಲ್‌ನಲ್ಲಿ, ಚಾಕ್ ಪುಡಿಯ ಬಟ್ಟಲಿನ ಆಚೆ, ಎತ್ತರದ ಕಂಬಿಯನ್ನು ನೆಲಕ್ಕೆ ಬಿಗಿದಿದ್ದ ಉಕ್ಕಿನ ತಂತಿಯನ್ನು ಯಾರೋ ಬಗ್ಗಿಕೊಂಡು ಬಿಗಿಗೊಳಿಸುತ್ತಿದ್ದರು. ಅಗಲವಾದ ಅಂಗೈ. ಗಂಟು ಕಟ್ಟಿದ ಬೆರಳ ಬುಡಗಳು. ಬಲ ಮಣಿಕಟ್ಟಿನ ಮೇಲೆ ಎಳ್ಳಿನ ಗಾತ್ರದ ಮಚ್ಚೆ. ಎಡಗೈಯ ಕಿರುಬೆರಳು ಮಾತ್ರ ಅವಳಿಗೆ ಹೊಸದು. ಎಂದೋ ಮುರಿದು, ಓರೆಯಾಗಿ ಕೂಡಿಕೊಂಡಿತ್ತು.

ಅವಳ ಮುಷ್ಟಿಯಲ್ಲಿದ್ದ ಚಾಕ್ ಗಡ್ಡೆ ಪುಡಿಪುಡಿಯಾಯಿತು.

'ಇವನಾ?... ಈ ಹಾಲ್‌ಗೆ ಮತ್ತೆ ಕಾಲಿಡುವ ಧೈರ್ಯ ಇವನಿಗೆ ಎಲ್ಲಿಂದ ಬಂತು?'

ಅವನು ತಲೆಯೆತ್ತಿದ. ಒಂದು ಕ್ಷಣ ಇಬ್ಬರ ನಡುವೆ ಬಿಳಿ ಧೂಳು ಮಾತ್ರ ತೇಲುತ್ತಿತ್ತು.

"ಮಿಡತೆ..." ಎಂದ.

ಹಾಲ್‌ನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಆ ಹೆಸರಿನಿಂದಲೇ. ಆರು ವರ್ಷದವಳಾಗಿದ್ದಾಗ ಅವಳು ಒಂದು ಹಾಸಿನಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ಜಿಗಿದದ್ದನ್ನು ಕಂಡು ಅವಳ ಕೋಚ್ ದೊಡ್ಡ ಮೇಡಂ ಇಟ್ಟ ಹೆಸರು ಅದು. ಆದರೆ ಇವನ ಬಾಯಲ್ಲಿ ಅದು ಕಿವಿಗೆ ಬಿಸಿ ನೀರು ಹೊಯ್ದಂತಾಯಿತು.

"ನನ್ನನ್ನ ಹಾಗೆ ಕರೀಬೇಡಿ."

ಒಂದೇ ಬಟ್ಟಲಿನ ಚಾಕ್ ಹಚ್ಚಿಕೊಂಡು ಬೆಳೆದವರು ಅವರು. ಎಂದೂ 'ನೀನು' ಬಿಟ್ಟು ಬೇರೆ ಮಾತಿರಲಿಲ್ಲ. ಅವಳು ಆ ಬಹುವಚನವನ್ನು ಬಾಗಿಲು ಹಾಕುವಂತೆ ಹಾಕಿದಳು. ಅವನಿಗೆ ಅದು ತಗುಲಿದ್ದು ಕಾಣಿಸಿತು. ಅವಳಿಗೆ ಸಮಾಧಾನವಾಯಿತು.

"ಬಂದ್ನಾ? ಒಳ್ಳೇದಾಯ್ತು," ಎನ್ನುತ್ತಾ ದೊಡ್ಡ ಮೇಡಂ ಹಿಂದಿನಿಂದ ಬಂದರು. ಅವರ ಬಲಗೈ ಕೊರಳಿನ ಪಟ್ಟಿಯಲ್ಲಿ ತೂಗುತ್ತಿತ್ತು.

"ಮೇಡಂ, ಇವರನ್ನ ಯಾಕೆ ಕರೆಸಿದ್ರಿ?"

"ನನ್ನ ಭುಜ ಹರಿದಿದೆ. ಒಂದೇ ಕೈಲಿ ನಿನ್ನನ್ನ ಹಿಡಿಯೋಕೆ ನಾನೇನು ಕ್ರೇನಾ? ನೀನು ಹಾರುವಾಗ ಕೆಳಗೆ ನಿಲ್ಲೋದು ಹೇಗೆ ಅಂತ ಗೊತ್ತಿರೋರು ಇಬ್ಬರೇ. ಒಬ್ಬಳಿಗೆ ಕೈಯಿಲ್ಲ. ಇನ್ನೊಬ್ಬ ಇಲ್ಲಿ ನಿಂತಿದ್ದಾನೆ."

"ಯಾರೂ ಬೇಡ. ಒಬ್ಬಳೇ ಮಾಡ್ತೀನಿ."

"ಮಾಡು, ಮಾಡು. ಕತ್ತು ಮುರ್ಕೊಂಡ್ರೆ ಎಕ್ಸ್‌ರೇ ತೆಗೆಯೋಕೆ ನಿಮ್ಮಮ್ಮ ಆಸ್ಪತ್ರೇಲಿ ಇದ್ದೇ ಇದ್ದಾರಲ್ಲ!"

ಆಮೇಲೆ ಮೇಡಂ ಅವನ ಕಡೆ ತಿರುಗಿ, ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿದರು:

"ಕೆಳಗೆ ನಿಂತವನು ಏನು ನೋಡಬೇಕು?"

"ನಡು."

"ಯಾಕೆ?"

"ನಡು ಹೋದ ಕಡೆಗೇ ಮೈ ಹೋಗೋದು."

"ಏನು ನೋಡಬಾರದು?"

ಅವನು ನೆಲ ನೋಡಿದ. "ಮುಖ."

"ಹಾಂ. ಮುಖದಲ್ಲಿ ಭಯ ಕಾಣುತ್ತೆ, ನೋವು ಕಾಣುತ್ತೆ, ಇಲ್ಲದ್ದೆಲ್ಲಾ ಕಾಣುತ್ತೆ. ಅದನ್ನ ನಂಬಿ ಕೈ ಹಾಕಿದ್ರೆ ಕೆಟ್ಟ ಹಾಗೇನೇ. ನೆನಪಿರಲಿ!"

ಅವಳು ಕಹಿಯಾಗಿ ನಕ್ಕಳು. "ಈ ಪಾಠ ಇವರಿಗೆ ನಾಲ್ಕು ವರ್ಷದ ಹಿಂದೆ ಹೇಳಬೇಕಿತ್ತು, ಮೇಡಂ."

*

ನಾಲ್ಕು ವರ್ಷದ ಹಿಂದೆ ಅವಳಿಗೆ ಹತ್ತೊಂಬತ್ತು. ಹಿಂದಿನ ಒಲಿಂಪಿಕ್ಸ್‌ಗೆ ತಂಡವನ್ನು ಆರಿಸುವ ಪಂದ್ಯ.

ಅವಳ ಪ್ರದರ್ಶನದ ಜೀವಾಳ ಒಂದೇ ಒಂದು ಹಾರಾಟ. ಎತ್ತರದ ಕಂಬಿಯನ್ನು ಹಿಡಿದು ದೊಡ್ಡ ಸುತ್ತು ತಿರುಗಿ, ಮೇಲೇರುವ ವೇಗದಲ್ಲಿ ಕೈಬಿಟ್ಟು, ಕಾಲುಗಳನ್ನು ಅಗಲಿಸಿ ಕಂಬಿಯ ಮೇಲಿಂದ ಹಿಮ್ಮುಖವಾಗಿ ಹಾರಿ, ಆಚೆ ಬದಿಗೆ ಇಳಿಯುತ್ತಾ ಅದೇ ಕಂಬಿಯನ್ನು ಮತ್ತೆ ಹಿಡಿಯಬೇಕು. ಇಂಥ ಚಲನೆಯ ಹೊತ್ತಿಗೆ ಕೋಚ್ ಒಬ್ಬರು ಕೆಳಗೆ ನಿಲ್ಲಬಹುದು. ಆದರೆ ಅವರು ಮುಟ್ಟಿ ಆಸರೆ ಕೊಟ್ಟರೆ ಒಂದು ಪೂರ್ಣ ಅಂಕ ಹೋಗುತ್ತದೆ. ಆ ಚಲನೆಯೂ ಲೆಕ್ಕಕ್ಕೆ ಬರುವುದಿಲ್ಲ.

ಅಂದು ಕೆಳಗೆ ನಿಂತವನು ಅವನು. ದೊಡ್ಡ ಮೇಡಂ ಕೈಕೆಳಗೆ ಆಗತಾನೇ ಕೋಚ್ ಆಗಿದ್ದ.

ಅವಳು ಹಾರಿದಳು. ಆ ಕೈಗಳು ಮೇಲೆದ್ದವು. ಅವಳ ನಡುವನ್ನು ಹಿಡಿದವು.

ಅವಳು ಬೀಳುವುದರಲ್ಲಿದ್ದರೆ ಆ ಕೈಗಳಿಂದ ನಷ್ಟವೇನೂ ಇರಲಿಲ್ಲ. ಬಿದ್ದಿದ್ದರೂ ಅಷ್ಟೇ ಅಂಕ ಹೋಗುತ್ತಿತ್ತು, ಜೊತೆಗೆ ಮೂಳೆಯೂ ಹೋಗುತ್ತಿತ್ತು. ಆದರೆ ಕಂಬಿಯನ್ನು ಹಿಡಿಯುವುದರಲ್ಲಿದ್ದರೆ?... ತಂಡದ ಕೊನೆಯ ಸ್ಥಾನ ಅವಳಿಗೆ ಅರ್ಧ ಅಂಕಕ್ಕಿಂತ ಕಡಿಮೆ ಅಂತರದಲ್ಲಿ ತಪ್ಪಿತ್ತು.

"ಕಂಬಿ ನನ್ನ ಕೈಗೆ ಬಂದಿತ್ತು! ನೀನು ಕಿತ್ಕೊಂಡೆ!" ಎಂದು ಅವಳು ಎಲ್ಲರೆದುರು ಕಿರುಚಿದ್ದಳು.

ಅವನು ಉತ್ತರ ಕೊಡಲಿಲ್ಲ. ಮರುದಿನ ಹಾಲ್‌ಗೆ ಬರಲೂ ಇಲ್ಲ. ಬೇರೆ ಊರಿನ ಕ್ಲಬ್ ಒಂದರಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾನೆ ಎಂಬ ಸುದ್ದಿ ತಿಂಗಳಾದ ಮೇಲೆ ಬಂತು. ಒಂದು ಕ್ಷಮೆಯಿಲ್ಲ. ಒಂದು ಮಾತಿಲ್ಲ!

ಈಗ ಅವಳಿಗೆ ಇಪ್ಪತ್ತಮೂರು. ಅವಳ ಕಂಬಿಯ ಪಕ್ಕದಲ್ಲಿ ಹದಿನಾರರ ಹುಡುಗಿಯರು ಸರದಿ ಕಾಯುತ್ತಾರೆ. ಇನ್ನೊಂದು ಒಲಿಂಪಿಕ್ಸ್‌ವರೆಗೆ ಈ ಭುಜಗಳು, ಈ ಮಣಿಕಟ್ಟುಗಳು ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇದೇ ಕೊನೆಯ ಆಯ್ಕೆ ಪಂದ್ಯ. ಆ ಹಾರಾಟವಿಲ್ಲದೆ ತಂಡಕ್ಕೆ ಬೇಕಾದ ಅಂಕ ಕೂಡುವುದಿಲ್ಲ.

ಮತ್ತು ಆ ಹಾರಾಟಕ್ಕೆ ಕೆಳಗೆ ನಿಲ್ಲುವವನು... ಅವನೇ!

*

ಮರುದಿನ ಬೆಳಿಗ್ಗೆ ಅವಳು ಚಾಕ್ ಗಡ್ಡೆ ಹಿಡಿದು ಬಗ್ಗಿ, ಕಂಬಿಯ ಬುಡದ ಹಾಸಿನ ಮೇಲೆ ಅಡ್ಡಲಾಗಿ ದಪ್ಪ ಗೆರೆ ಎಳೆದಳು.

"ಈ ಗೆರೆ ದಾಟಬೇಡಿ."

"ಅಲ್ಲಿಂದ ನಿನ್ನನ್ನ ಹಿಡಿಯೋಕೆ ಆಗಲ್ಲ," ಎಂದ ಅವನು.

"ಅದಕ್ಕೇ ಎಳೆದದ್ದು."

ಅವನು ಗೆರೆಯ ಹಿಂದೆ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತ. ಆ ತಾಳ್ಮೆ ಅವಳನ್ನು ಇನ್ನಷ್ಟು ಕೆರಳಿಸಿತು.

ಅವಳ ಜೊತೆಗಾತಿಯೊಬ್ಬಳಿದ್ದಳು. ಮುಚ್ಚದ ಬಾಯಿ, ಹಾಗಾಗಿ ಎಲ್ಲರಿಗೂ ಅವಳು 'ರೇಡಿಯೋ'. ಅಂಗೈಗೆ ಟೇಪ್ ಸುತ್ತಿಕೊಳ್ಳುತ್ತಾ ಪಿಸುಗುಟ್ಟಿದಳು:

"ಅಲ್ಲ ಕಣೇ, ಹೆಣ್ಣುಮಕ್ಕಳ ನಡು ನೋಡೋಕೆ ಸಂಬಳ ಕೊಡೋ ಕೆಲಸ ಪ್ರಪಂಚದಲ್ಲಿ ಇದೊಂದೇ. ಅದನ್ನೂ ನೀನು ಆ ಬಡಪಾಯಿಯಿಂದ ಕಿತ್ಕೊಂಡ್ಯಲ್ಲೇ!"

"ರೇಡಿಯೋ, ಆಫ್ ಆಗು."

"ಬ್ಯಾಟರಿ ಮುಗಿಯೋವರೆಗೂ ಆಗಲ್ಲ. ಅದಿರಲಿ, ಅವನಿಗೆ ಏನಂತ ಹೆಸರಿಟ್ಟಿದ್ದೀಯ ಈ ಸಲ?"

"ಕೈ," ಎಂದಳು ಅವಳು, ಅವನಿಗೆ ಕೇಳುವಂತೆಯೇ. "ಕೈ ಮಾಸ್ಟ್ರು."

ಅಂದಿನಿಂದ ಹಾಲ್‌ನಲ್ಲಿ ಅವನು ಕೈ ಮಾಸ್ಟ್ರು ಆದ. ಚಿಕ್ಕ ಹುಡುಗಿಯರೂ ಹಾಗೆಯೇ ಕರೆದರು. ಅವನು ಒಮ್ಮೆಯೂ ತಿದ್ದಲಿಲ್ಲ.

ಆದರೆ ಗೆರೆಯ ಈಚೆ ಬದಿಯಲ್ಲಿ ಅವಳ ಕಥೆ ಬೇರೆಯೇ ಇತ್ತು. ಸ್ಪಂಜಿನ ತುಂಡುಗಳು ತುಂಬಿದ ಹೊಂಡದ ಮೇಲಿನ ಕಂಬಿಯಲ್ಲಿ ಅವಳು ಲೀಲಾಜಾಲವಾಗಿ ಹಾರುತ್ತಿದ್ದಳು. ಅಲ್ಲಿ ಬಿದ್ದರೆ ನಗು, ಅಷ್ಟೇ. ಗಟ್ಟಿ ಹಾಸಿನ ಮೇಲಿನ ಈ ಕಂಬಿಗೆ ಬಂದೊಡನೆ ಮೈ ಮಾತು ಕೇಳುತ್ತಿರಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೊಂದು... ಕೈಬಿಡುವ ಕ್ಷಣ ಬರುತ್ತಿತ್ತು, ಹೋಗುತ್ತಿತ್ತು. ಬೆರಳುಗಳು ಕಂಬಿಗೆ ಅಂಟಿಕೊಂಡೇ ಇರುತ್ತಿದ್ದವು. ಕೊನೆಗೆ ವೇಗ ಸತ್ತು, ಒಣಗಲು ಹಾಕಿದ ಬಟ್ಟೆಯಂತೆ ಅವಳು ನೇತಾಡುತ್ತಿದ್ದಳು.

"ಬಿಡು!" ಎಂದು ದೊಡ್ಡ ಮೇಡಂ ಕೂಗುತ್ತಿದ್ದರು. "ಕಂಬಿ ನಿನ್ನ ಗಂಡನಲ್ಲ, ಬಿಡೇ!"

ಗೆರೆಯ ಹಿಂದಿನಿಂದ ಅವನು ನೋಡುತ್ತಿದ್ದ, ಅಷ್ಟೇ.

'ನಗ್ತಿದ್ದಾನೆ ಒಳಗೊಳಗೇ... ನೋಡ್ತಿರು, ಪಂದ್ಯದ ದಿನ ತೋರಿಸ್ತೀನಿ!'

*

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ಅಂಗೈ ಚಾಚಿ ಕುಳಿತಿದ್ದಳು. ಅಂಗೈಯ ಬುಡದಲ್ಲಿ ಚರ್ಮ ಎದ್ದು, ಕೆಂಪಗೆ ಬಾಯಿ ಬಿಟ್ಟಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು, ಸತ್ತ ಚರ್ಮವನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತಿದ್ದಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತು ವರ್ಷ ದುಡಿದ ಕೈ, ಅದು ನಡುಗುತ್ತಿರಲಿಲ್ಲ.

"ನಿನ್ನ ಹೊರಗಿಗಿಂತ ಒಳಗನ್ನೇ ಜಾಸ್ತಿ ನೋಡಿದ್ದೀನಿ ನಾನು," ಎಂದಳು ಅಮ್ಮ. "ಮಣಿಕಟ್ಟು ಎರಡು ಸಲ, ಪಾದ ಮೂರು ಸಲ. ಆ ಹುಡುಗ ವಾಪಸ್ ಬಂದಿದ್ದಾನಂತೆ?"

"ಅವನ ಸುದ್ದಿ ಬೇಡಮ್ಮ."

"ಕಿರುಬೆರಳು ಸರಿಯಾಗಿ ಕೂಡ್ಕೊಂಡಿದೆಯಾ ಅಂತ ಕೇಳಿದೆ, ಅಷ್ಟೇ."

ಅವಳು ತಲೆಯೆತ್ತಿದಳು. "ನಿಂಗೆ ಹೇಗೆ ಗೊತ್ತು ಅವನ ಕಿರುಬೆರಳು?"

"ನಾನೇ ತಾನೇ ಎಕ್ಸ್‌ರೇ ತೆಗೆದದ್ದು? ಆ ಪಂದ್ಯದ ದಿನವೇ ಬಂದಿದ್ದ. ನಿನಗೆ ಹೇಳೋಕೆ ಹೋದೆ. ಅವನ ಮಾತೆತ್ತಿದ ಕೂಡಲೇ ನೀನು ಲೋಟ ಎಸೆದೆ. ನೋಡು ಅಲ್ಲಿ, ಗೋಡೆ ಮೇಲೆ ಇನ್ನೂ ಗುರುತಿದೆ."

ಹಾರುತ್ತಾ ಮೇಲಿರುವ ಮೈ ಹಗುರ. ಬೀಳುತ್ತಿರುವ ಮೈ ಭಾರ. ಆ ಬೆರಳು ಮುರಿಯುವಷ್ಟು ಭಾರ ಅದರ ಮೇಲೆ ಬಿದ್ದಿತ್ತು ಎಂದರೆ...

"ಅಂದ್ರೆ ನಾನು ಬೀಳ್ತಿದ್ದೆ ಅಂತಾನಾ, ಅಮ್ಮ?"

"ಮೂಳೆ ಮುರಿದದ್ದು ಎಕ್ಸ್‌ರೇಲಿ ಕಾಣುತ್ತೆ ಮಗಳೇ," ಎಂದಳು ಅಮ್ಮ, ಕತ್ತರಿ ಕೆಳಗಿಟ್ಟು. "ಯಾಕೆ ಮುರೀತು ಅನ್ನೋದು ಕಾಣಲ್ಲ. ಅದನ್ನ ಅವನನ್ನೇ ಕೇಳು."

"ಸಾಯ್ತೀನಿ, ಅವನನ್ನ ಕೇಳಲ್ಲ!"

*

ಕೇಳಲಿಲ್ಲ ಕೂಡ. ಜಗಳ ತಾನಾಗಿಯೇ ಬಂತು.

ಒಂದು ಮಧ್ಯಾಹ್ನ ಮೇಡಂ ಭುಜದ ಚಿಕಿತ್ಸೆಗೆ ಹೋಗಿದ್ದರು. ಉಳಿದ ಹುಡುಗಿಯರು ದೂರದಲ್ಲಿ ಸಮತೋಲನದ ತೊಲೆಯ ಮೇಲೆ ಅಭ್ಯಾಸ ಮಾಡುತ್ತಿದ್ದರು. ಅವಳು ಸುತ್ತು ತಿರುಗಿದಳು, ಇನ್ನೊಮ್ಮೆ ತಿರುಗಿದಳು, ಹಲ್ಲು ಕಚ್ಚಿದಳು... ಕೈ ಬಿಡಲಿಲ್ಲ. ಕೆಳಗಿಳಿದು, ಹಿಡಿತಕ್ಕೆಂದು ಅಂಗೈಗೆ ಕಟ್ಟಿದ್ದ ಚರ್ಮದ ಪಟ್ಟಿಯನ್ನು ಬಿಚ್ಚಿ ನೆಲಕ್ಕೆಸೆದಳು.

"ನೀವಲ್ಲಿ ನಿಂತಿರೋದಕ್ಕೇ ನನಗಾಗ್ತಿಲ್ಲ! ಹೊರಗೆ ಹೋಗಿ!"

"ನಾನು ಇಲ್ಲದಿದ್ರೂ ನಿನಗಾಗಲ್ಲ."

"ಏನಂದ್ರಿ?"

"ಕಣ್ಣು ಮುಚ್ತೀಯ," ಎಂದ ಅವನು, ದನಿ ಏರಿಸದೆ. "ಬಿಡಬೇಕಾದ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ತೀಯ. ಕಾಣದ ಕಂಬಿಯನ್ನ ಬಿಟ್ಟು ಹಾರೋಕೆ ಯಾವ ಮೈ ಒಪ್ಪುತ್ತೆ?"

ಅವಳ ಕೆನ್ನೆ ಬಿಸಿಯಾಯಿತು. "ಸುಳ್ಳು!"

"ಸುಳ್ಳಲ್ಲ. ಆವತ್ತೂ ಮುಚ್ಚಿದ್ದೆ."

"ಬಾಯ್ಮುಚ್ಚು!" ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೆ ತಿಳಿಯಲಿಲ್ಲ. "ನನ್ನ ನಾಲ್ಕು ವರ್ಷ ತಿಂದೆ ನೀನು! ಈಗ ತಪ್ಪು ನನ್ನ ತಲೆಗೆ ಕಟ್ತೀಯಾ? ಕಂಬಿ ನನ್ನ ಕೈಗೆ ಬಂದಿತ್ತು!"

"ಕಣ್ಣು ಮುಚ್ಚಿದ್ದವಳಿಗೆ ಅದು ಹೇಗೆ ಗೊತ್ತು?"

ಏಟು ನೇರವಾಗಿ ತಗುಲಿತು.

ಯಾರಿಗೂ ಹೇಳಿರದ ಮಾತು ಅದು. ಅಮ್ಮನಿಗೂ ಇಲ್ಲ, ಮೇಡಂಗೂ ಇಲ್ಲ. ಆ ಹಳೆಯ ಪಂದ್ಯದ ಬೆಳಿಗ್ಗೆ ಅಭ್ಯಾಸದಲ್ಲಿ ಅಂಗೈ ಹರಿದಿತ್ತು. ಅದನ್ನು ಮುಚ್ಚಿಟ್ಟು ಕಂಬಿ ಏರಿದ್ದಳು. ಕೈಬಿಡುವ ಕ್ಷಣದಲ್ಲಿ ನೋವು ಮಿಂಚಿತ್ತು, ರೆಪ್ಪೆ ಮುಚ್ಚಿತ್ತು. ತೆರೆದಾಗ ಅವನ ಕೈಗಳು ಅವಳ ನಡುವಿನ ಮೇಲಿದ್ದವು. ಕಂಬಿ ಎಲ್ಲಿತ್ತು? ಬೆರಳ ತುದಿಯಲ್ಲಿತ್ತೋ, ಮೊಳ ದೂರದಲ್ಲಿತ್ತೋ?... ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಜಾಗವನ್ನು ನಾಲ್ಕು ವರ್ಷ ದ್ವೇಷದಿಂದ ತುಂಬಿಸಿದ್ದಳು. ಇವನನ್ನು ದ್ವೇಷಿಸುವವರೆಗೆ ಕಂಬಿ ಅವಳ ಕೈಯಲ್ಲೇ ಇರುತ್ತಿತ್ತು!

ಆದರೆ...

ಅವಳು ನಿಧಾನವಾಗಿ ತಲೆಯೆತ್ತಿದಳು.

"ನಿಂಗೆ ಹೇಗೆ ಗೊತ್ತು?"

"ಏನು?"

"ನಾನು ಕಣ್ಣು ಮುಚ್ಚಿದ್ದು."



ಅವಳು ಗೆರೆಯವರೆಗೂ ನಡೆದು ಬಂದಳು. "ಕೆಳಗೆ ನಿಂತವನು ನಡು ನೋಡಬೇಕು. ಮುಖ ನೋಡಬಾರದು. ಚಿಕ್ಕ ಹುಡುಗಿಯರಿಗೂ ಗೊತ್ತಿರೋ ಪಾಠ. ಆವತ್ತು ನೀನು ನಡು ನೋಡ್ತಿದ್ದಿದ್ರೆ ನನ್ನ ಕಣ್ಣು ನಿಂಗೆ ಹೇಗೆ ಕಾಣಿಸ್ತು?"

ಮೊದಲ ಬಾರಿಗೆ ಅವನ ತಾಳ್ಮೆ ಮುರಿಯಿತು. ಬೆನ್ನ ಹಿಂದೆ ಕಟ್ಟಿದ್ದ ಕೈಗಳು ಬಿಚ್ಚಿಕೊಂಡವು. ಎಲ್ಲಿಡಬೇಕೆಂದು ಅವಕ್ಕೇ ತಿಳಿಯದಂತಾಯಿತು.

"ಅದಕ್ಕೇ ಹೋದೆ," ಎಂದ. "ಮರುದಿನ ನಾನೇ ಮೇಡಂ ಹತ್ರ ಹೇಳ್ದೆ. ಇವಳ ಕೆಳಗೆ ನಾನು ನಿಲ್ಲಬಾರದು, ನನ್ನನ್ನ ಬಿಟ್ಟುಬಿಡಿ ಅಂತ."

"ನನಗೆ ಯಾಕೆ ಹೇಳಲಿಲ್ಲ? ಕಾಯ್ತಿದ್ದೆ ನಾನು! ಒಂದು ಮಾತು... ಬಂದು ಒಂದು ಮಾತು ಹೇಳ್ತಾನೆ ಅಂತ ಬಾಗಿಲು ನೋಡ್ತಿದ್ದೆ!"

"ಏನಂತ ಹೇಳಲಿ?" ಅವನ ದನಿಯೂ ಈಗ ಏರಿತು. "ನಡು ನೋಡಬೇಕಾದವನು ನಿನ್ನ ಮುಖ ನೋಡ್ತಾ ನಿಂತಿದ್ದೆ ಅಂತ ಹೇಳಲಾ? ನೀನು ಕಣ್ಣು ಮುಚ್ಚಿದ್ದು ಕಂಡು ನನ್ನ ಜೀವ ಹೋಯ್ತು, ಬೀಳ್ತಿದ್ದೀಯೋ ಹಾರ್ತಿದ್ದೀಯೋ ನೋಡದೆ ಕೈ ಹಾಕ್ದೆ ಅಂತ ಹೇಳಲಾ? ಒಲಿಂಪಿಕ್ಸ್ ಕಳ್ಕೊಂಡು ಅಳ್ತಿರೋ ಹುಡುಗಿ ಮುಂದೆ ಹೋಗಿ ಹೇಳೋ ಮಾತಾ ಅದು?"

ದೂರದಲ್ಲಿ ಯಾರೋ ತೊಲೆಯಿಂದ ಧೊಪ್ಪನೆ ಇಳಿದ ಸದ್ದು.

'ಮುಖ ನೋಡ್ತಾ ನಿಂತಿದ್ದ... ಅಂದ್ರೆ...' ಮುಂದಿನ ಮಾತನ್ನು ಅವಳ ಮನಸ್ಸು ಮುಟ್ಟಲು ಹೆದರಿತು.

"ಬೆರಳು?" ಎಂದಳು ಕೊನೆಗೆ. "ನನ್ನ ಭಾರಕ್ಕೆ ಮುರೀತಾ?"

"ಗೊತ್ತಿಲ್ಲ. ನಿನ್ನ ಭಾರವೋ, ಕಂಬಿ ತಗುಲಿತೋ... ನಿಜವಾಗ್ಲೂ ಗೊತ್ತಿಲ್ಲ. ನೀನು ಕಂಬಿ ಹಿಡೀತಿದ್ಯೋ ಇಲ್ವೋ, ಅದೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಒಂದೋ ಧೈರ್ಯವಾಗಿ ಇಲ್ಲೇ ಇರ್ತಿದ್ದೆ, ಇಲ್ಲಾ ನಿನ್ನ ಕಾಲಿಗೆ ಬೀಳ್ತಿದ್ದೆ."

ಅವಳು ಅವನನ್ನು ದುರುಗುಟ್ಟಿ ನೋಡಿದಳು.

"ಹೇಳಬೇಕಿತ್ತು," ಎಂದಳು. "ಏನೇ ಇರಲಿ, ಹೇಳಬೇಕಿತ್ತು. ನಿನ್ನ ಮೇಲೆ ಇನ್ನೂ ಕೋಪ ಇದೆ ನನಗೆ."

"ಗೊತ್ತು."

"ಜಾಸ್ತಿನೇ ಆಗಿದೆ!"

"ಅದೂ ಗೊತ್ತು."

ಅವಳು ನೆಲದ ಮೇಲಿನ ಚರ್ಮದ ಪಟ್ಟಿ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅವಳು ಕಂಬಿಯ ಬುಡದಲ್ಲಿ ನಿಂತಿದ್ದಳು. ಬಲಗಾಲಿನ ಹೆಬ್ಬೆರಳಿನಿಂದ, ಯಾರ ಮೇಲೋ ಹಗೆ ತೀರಿಸಿಕೊಳ್ಳುವಂತೆ ಚಾಕ್ ಗೆರೆಯನ್ನು ಉಜ್ಜಿ ಅಳಿಸುತ್ತಿದ್ದಳು.

"ನಡು ಮಾತ್ರ," ಎಂದಳು, ತಲೆಯೆತ್ತದೆ.

"ನಡು ಮಾತ್ರ."

"ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ. ಇನ್ಮೇಲೆ ಕಣ್ಣು ತೆರೆದಿರುತ್ತೆ."

*

ಮೊದಲ ಸಲ ಕಣ್ಣು ತೆರೆದು ಕೈಬಿಟ್ಟಾಗ ಅವಳು ಕಂಬಿಯನ್ನು ಕಂಡಳು; ಕಂಡದ್ದಷ್ಟೇ ಬಂತು. ಬೆರಳು ತಾಕಿ ಜಾರಿತು. ಅವನು ಹಿಡಿದು ಹಾಸಿನ ಮೇಲೆ ನಿಲ್ಲಿಸಿದ.

"ಹಿಡಿದದ್ದು ತಡ!" ಎಂದು ಅವಳು ಗದರಿದಳು.

"ಬಿಟ್ಟದ್ದು ಬೇಗ!" ಎಂದು ಅವನು ತಿರುಗಿಸಿದ.

"ಕಂಬಿ ಸಡಿಲ ಇದೆ."

"ಕಂಬಿ ಸರಿಯಾಗಿದೆ. ತಲೆ ಸಡಿಲ ಇದೆ."

"ಕೈ ಮಾಸ್ಟ್ರಿಗೆ ಬಾಯೂ ಬಂತು ನೋಡ್ರೇ!" ಎಂದು ರೇಡಿಯೋ ಇಡೀ ಹಾಲ್‌ಗೆ ಪ್ರಸಾರ ಮಾಡಿದಳು. ಮೇಡಂ ಬೆನ್ನು ತಿರುಗಿಸಿ ನಿಂತರು. ಅವರ ಒಳ್ಳೆಯ ಭುಜ ನಗುವಿನಿಂದ ಕುಲುಕುತ್ತಿತ್ತು.

ವಾರಗಟ್ಟಲೆ ಹೀಗೆಯೇ ನಡೆಯಿತು. ಬೀಳುವುದು, ಬೈಯುವುದು, ಮತ್ತೆ ಏರುವುದು. ಅವಳ ಮಾತಿನ ಹರಿತ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆದರೆ ಅವನು ಒಂದು ದಿನ ಜ್ವರದಿಂದ ಬಾರದಿದ್ದಾಗ, ಬೈಯಲು ಯಾರೂ ಇಲ್ಲದ ಆ ಹಾಲ್ ಎಷ್ಟು ಬೋಳಾಗಿದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಮಾತ್ರ ಮುಖ ನೋಡಲಿಲ್ಲ. ಕಂಬಿಯ ಕೆಳಗೆ ಒಮ್ಮೆಯೂ ನೋಡಲಿಲ್ಲ.

ಕಣ್ಣು ತೆರೆದಿದ್ದ ಅವಳಿಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಏಕೋ... ಸ್ವಲ್ಪ ನೋವೂ ಆಗುತ್ತಿತ್ತು!

*

ಆಯ್ಕೆ ಪಂದ್ಯದ ದಿನ ಬಂತು.

ಕ್ರೀಡಾಂಗಣ ತುಂಬಿತ್ತು. ತೀರ್ಪುಗಾರರು ನೀಲಿ ಕೋಟು ತೊಟ್ಟು, ಮುಖದಲ್ಲಿ ಯಾವ ಭಾವವೂ ಇಲ್ಲದೆ ಸಾಲಾಗಿ ಕುಳಿತಿದ್ದರು. ಮಹಡಿಯ ಆಸನದಲ್ಲಿ ಅಮ್ಮ ಕೈಚೀಲವನ್ನು ಎದೆಗವಚಿಕೊಂಡಿದ್ದಳು. ಉಳಿದ ಮೂರು ವಿಭಾಗಗಳು ಮುಗಿದಿದ್ದವು. ಮೇಡಂ ಅಂಕಗಳ ಫಲಕ ನೋಡಿ ಬಂದು ಚುಟುಕಾಗಿ ಹೇಳಿದ್ದರು: "ಹಾರಿದ್ರೆ ಒಳಗೆ. ಹಾರದಿದ್ರೆ ಹೊರಗೆ."

ಅವನು ಕಂಬಿಗೆ ಚಾಕ್ ಉಜ್ಜಿ ಕೆಳಗಿಳಿದ. ಅವಳು ಚರ್ಮದ ಪಟ್ಟಿಯ ಕೊಂಡಿ ಬಿಗಿಯುತ್ತಿದ್ದಳು. ಇಬ್ಬರ ಕೈಗಳೂ ಬೆಳ್ಳಗಿದ್ದವು.

"ಮುಟ್ಟಬೇಡ," ಎಂದಳು.

"ಬಿದ್ರೆ?"

"ಬಿದ್ರೆ ಬೀಳ್ತೀನಿ." ಒಂದು ಕ್ಷಣ ತಡೆದಳು. ಅವಳ ದನಿ ತಗ್ಗಿತು. "ಇಲ್ಲ... ಬಿದ್ರೆ ಹಿಡಿ. ಯಾವುದು ಬೀಳೋದು, ಯಾವುದು ಹಾರೋದು ಅಂತ ನೀನೇ ನೋಡ್ಕೋ. ಅದನ್ನ ನಿಂಗೆ ಬಿಟ್ಟಿದ್ದೀನಿ."

ಅವನು ತಲೆಯಾಡಿಸಿದ.

ಹಸಿರು ದೀಪ ಬೆಳಗಿತು.

ತಗ್ಗಿನ ಕಂಬಿ, ಎತ್ತರದ ಕಂಬಿ, ಕೈಗಳ ಮೇಲೆ ನಿಂತ ನೇರ ಮೈ, ಮತ್ತೆ ಸುತ್ತು. ಕಂಬಿ ಬಾಗಿ ನರಳಿತು. ಅವಳು ಕೆಳಗಿನಿಂದ ಮೇಲಕ್ಕೇರಿದಳು. ಕ್ಷಣ ಬಂತು.

ಕಣ್ಣು ತೆರೆದೇ ಕೈಬಿಟ್ಟಳು!

ಗದ್ದಲವೆಲ್ಲ ಎಲ್ಲೋ ಹೋಯಿತು. ಕಾಲುಗಳ ನಡುವೆ ಕಂಬಿ ಕಾಣಿಸಿತು, ಹಿಂದೆ ಸರಿಯಿತು. ಇಳಿಯತೊಡಗಿದಳು. ಕೈ ಚಾಚಿದಳು.

ದೂರ ಇತ್ತು... ಅವಳು ಎಣಿಸಿದ್ದಕ್ಕಿಂತ ಸ್ವಲ್ಪ ದೂರ!

ಕಣ್ಣಂಚಿನಲ್ಲಿ ಅವನ ಕೈಗಳು ಮೇಲೆದ್ದವು. ನಾಲ್ಕು ವರ್ಷ ನಿದ್ದೆಗೆಡಿಸಿದ ಅವೇ ಕೈಗಳು. ಅವಳ ನಡುವಿಗೆ ಒಂದು ಗೇಣು ಇರುವಷ್ಟರಲ್ಲಿ...

ನಿಂತವು.

ಬಿಚ್ಚಿದ ಅಂಗೈಗಳು ಗಾಳಿಯಲ್ಲಿ ಹಾಗೇ ನಿಂತವು. ಓರೆ ಕಿರುಬೆರಳು ಕೂಡ ಕದಲಲಿಲ್ಲ.

ಅವಳ ಬೆರಳ ತುದಿಗೆ ಕಂಬಿ ತಾಕಿತು. ಬೆರಳುಗಳು ಕೊಕ್ಕೆಯಾದವು. ಚಾಕ್ ಪುಡಿ ಹೊಗೆಯಂತೆ ಸಿಡಿಯಿತು.

ಹಿಡಿದಿದ್ದಳು!

ಉಳಿದದ್ದು ಅವಳಿಗೆ ಸರಿಯಾಗಿ ನೆನಪಿಲ್ಲ. ಸುತ್ತುಗಳು, ಕೊನೆಯ ಲಾಗ, ಪಾದಗಳ ಕೆಳಗೆ ಧಡ್ಡೆಂದು ಬಂದ ನೆಲ. ಒಂದು ಹೆಜ್ಜೆ ತಪ್ಪಿತು, ಅಷ್ಟೇ. ತೀರ್ಪುಗಾರರತ್ತ ಕೈಯೆತ್ತಿ ನಿಂತಾಗ ಮಹಡಿಯಿಂದ ಅಮ್ಮನ ಕೈಚೀಲ ಕೆಳಗೆ ಬಿದ್ದದ್ದು ಕಂಡಿತು.

ಫಲಕದ ಮೇಲೆ ಅಂಕ ಮೂಡಿತು. ರೇಡಿಯೋ ಕಿರುಚಿದ ಕಿರುಚಿಗೆ ಪಕ್ಕದ ತಂಡದವರು ಕಿವಿ ಮುಚ್ಚಿಕೊಂಡರು. ಮೇಡಂ ಒಂದೇ ಕೈಯಲ್ಲಿ ಅವಳನ್ನು ಹಿಂಡಿಹಾಕಿದರು. "ಒಳಗೆ ಕಣೇ ಮಿಡತೆ! ಒಳಗೆ! ಒಲಿಂಪಿಕ್ಸ್‌ಗೆ ಹೋಗ್ತಿದ್ದೀಯ!"

ಅವಳು ಅವರ ಭುಜದ ಮೇಲಿಂದ ಹುಡುಕಿದಳು.

ಕಂಬಿಯ ಬುಡದಲ್ಲಿ ಯಾರೂ ಇರಲಿಲ್ಲ.

*

ಸುರುಳಿ ಸುತ್ತಿದ ಹಾಸುಗಳನ್ನು ಒಟ್ಟಿದ್ದ ಹಿಂದಿನ ಕೋಣೆಯಲ್ಲಿ ಅವನು ಕುಳಿತಿದ್ದ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವು ಬೇರೆಯವರದೋ ಎಂಬಂತೆ ನೋಡುತ್ತಿದ್ದ.

"ಮತ್ತೆ ಓಡಿಹೋಗೋ ಯೋಚನೆನಾ?" ಎಂದಳು ಅವಳು ಬಾಗಿಲಿಂದಲೇ.

"ಕೂತಿದ್ದೀನಿ. ಕಾಲು ನಡುಗ್ತಿದೆ."

"ಹಾರಿದ್ದು ನಾನು!"

"ನಿಂತಿದ್ದು ನಾನು. ಅದು ಕಷ್ಟ."

ಅವಳು ಬಂದು ಎದುರಿನ ಹಾಸಿನ ಸುರುಳಿಯ ಮೇಲೆ ಕುಳಿತಳು. ಇಬ್ಬರ ಮೊಣಕಾಲುಗಳ ನಡುವೆ ಒಂದು ಗೇಣು ಜಾಗ.

"ಆವತ್ತೂ ಹಿಡೀತಿದ್ನಾ ನಾನು?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು. ಹಾಗೆ ಹೇಳಿದ ಮೇಲೆ ಆ ಪ್ರಶ್ನೆಗೆ ಮೊದಲಿನ ಭಾರ ಉಳಿದಿರಲಿಲ್ಲ. "ಒಲಿಂಪಿಕ್ಸ್‌ಗೆ ಬರ್ತೀಯ ತಾನೇ?"

ಅವನು ತಲೆಯಲ್ಲಾಡಿಸಿದ. "ಕೋಚ್ ಆಗಿ ಬರಲ್ಲ. ಮೇಡಂಗೆ ಹೇಳಾಯ್ತು. ಅಷ್ಟರಲ್ಲಿ ಅವರ ಭುಜ ಸರಿಹೋಗುತ್ತೆ. ನಾನು ಮತ್ತೆ ನಿನ್ನ ಕೆಳಗೆ ನಿಲ್ಲಲ್ಲ."

"ಯಾಕೆ? ಇವತ್ತು ಸರಿಯಾಗೇ ಮಾಡಿದ್ಯಲ್ಲ!"

"ಇವತ್ತು ನಡು ನೋಡೋಕೆ ಎಷ್ಟು ಕಷ್ಟ ಆಯ್ತು ಅಂತ ನನಗೆ ಮಾತ್ರ ಗೊತ್ತು." ಅವನು ಮೊದಲ ಬಾರಿಗೆ ನೇರವಾಗಿ, ಕಣ್ಣಿಟ್ಟು ಅವಳನ್ನು ನೋಡಿದ. "ಗ್ಯಾಲರೀಲಿ ಕೂರ್ತೀನಿ, ನಿಮ್ಮಮ್ಮನ ಪಕ್ಕ. ಅಲ್ಲಿ ಕೂತವರು ಮುಖ ನೋಡಬಹುದು. ಎಷ್ಟು ಹೊತ್ತು ಬೇಕಾದ್ರೂ ನೋಡಬಹುದು... ನೀನು ಒಪ್ಪಿದ್ರೆ."

ಅವಳು ಏನನ್ನೋ ಬೈಯಬೇಕೆಂದು ಬಾಯಿ ತೆರೆದಳು. ಬೈಗುಳ ಸಿಗಲಿಲ್ಲ. ಕಣ್ಣು ತುಂಬಿ ಬಂತು, ಆದರೂ ಮುಚ್ಚಲಿಲ್ಲ.

"ನಾಲ್ಕು ವರ್ಷದ ಕೋಪ ಇದೆ. ಒಂದೇ ದಿನಕ್ಕೆ ಹೋಗಲ್ಲ ಅದು."

"ಅವಸರ ಇಲ್ಲ."

"ಬೈತೀನಿ."

"ಅಭ್ಯಾಸ ಆಗಿದೆ."

ಅವಳು ಚರ್ಮದ ಪಟ್ಟಿ ಬಿಚ್ಚಿ, ಅಂಗೈಯನ್ನು ಇಬ್ಬರ ನಡುವಿನ ಜಾಗದಲ್ಲಿ ಚಾಚಿದಳು. ಚಾಕ್ ಮೆತ್ತಿದ, ಬುಡದಲ್ಲಿ ಹರಿದು ಕೆಂಪಾದ ಅಂಗೈ. ಅವನ ಕೈ ಮೇಲೆದ್ದಿತು. ಗೇಣು ದೂರದಲ್ಲಿ, ಹಳೆಯ ಹೆದರಿಕೆಯಿಂದ ನಿಂತುಬಿಟ್ಟಿತು.

ಅವಳು ಅಳುವಿನ ನಡುವೆಯೇ ನಕ್ಕಳು.

"ಮುಟ್ಟೋ," ಎಂದಳು. "ಈಗ ಅಂಕ ಹೋಗಲ್ಲ."